ಖಾಕಿ ಬಿಟ್ಟ ಮೇಲೆ ಸೈಪ್ರಸ್

ಆರ್.ಕೆ. ರಾಘವನ್ ನೆನಪಿದ್ದಾರಾ? 2000ದಲ್ಲಿ ಸಿಬಿಐ ಕ್ರಿಕೆಟ್ ಮ್ಯಾಚ್ ಫಿಕ್ಸಿಂಗ್ ಕೆದಕಿದಾಗ ಅದರ ನಿರ್ದೇಶಕರಾಗಿದ್ದವರು. ಮುಂದೆ ಗುಜರಾತ್ ಗಲಭೆಯ ವಿಶೇಷ ತನಿಖಾ ತಂಡಕ್ಕೂ ಅವರೇ ಮುಖ್ಯಸ್ಥರು. 2017ರಲ್ಲಿ, ಎಪ್ಪತ್ತೈದು ದಾಟಿದ ಈ ಐಪಿಎಸ್ ಅಧಿಕಾರಿಯನ್ನು ಸರ್ಕಾರ ಸೈಪ್ರಸ್‌ಗೆ ಹೈಕಮಿಷನರ್ ಮಾಡಿ ಕಳಿಸಿತು.

ಪೊಲೀಸರಿಗೆ ರಾಯಭಾರ ಏನು ಗೊತ್ತು ಅಂತ ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಆದರೆ ಆ ದ್ವೀಪದ ಪಾಡು ನೋಡಿ. 1974ರಿಂದ ಎರಡು ಹೋಳು. ದಕ್ಷಿಣಕ್ಕೆ ಗ್ರೀಕ್ ಮಾತಿನವರು, ಉತ್ತರಕ್ಕೆ ಟರ್ಕಿಶ್ ಮಾತಿನವರು, ನಡುವೆ ವಿಶ್ವಸಂಸ್ಥೆ ಕಾಯುವ ಸುಮಾರು 180 ಕಿ.ಮೀ. ಉದ್ದದ ಪಟ್ಟಿ. ರಾಜಧಾನಿ ನಿಕೋಸಿಯಾದ ಲೆಡ್ರಾ ಬೀದಿಯಲ್ಲಿ ಅಂಗಡಿ ನೋಡುತ್ತಾ ನಡೆದರೆ, ನಡುಬೀದಿಯಲ್ಲೇ ಪಾಸ್‌ಪೋರ್ಟ್ ತೋರಿಸಬೇಕು! ಆ ದಾರಿಯಾದರೂ ತೆರೆದದ್ದು 2008ರಲ್ಲಿ. ಬೇಲಿಯ ಎರಡೂ ಕಡೆಯ ದೂರು ಕೇಳಿ ಗೊತ್ತಿರುವ ಪೊಲೀಸರಿಗೆ ಇಂಥ ಊರು ಅಷ್ಟೇನೂ ಅಪರಿಚಿತ ಅಲ್ಲ ಅನ್ನಿಸುತ್ತೆ ನನಗೆ.

ಅಂದ ಹಾಗೆ, ಅಲ್ಲಿಗೆ ಮೊದಲೇ ಹೋಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ವಿಶ್ವಸಂಸ್ಥೆಯ ಶಾಂತಿಪಡೆ ಮುನ್ನಡೆಸುತ್ತಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ, ಅಲ್ಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.