ಬರ್ತೀವಿ ಬಿಡ್ರೀ...

ನಮ್ಮ ಕನ್ನಡದ ಲಗ್ನಪತ್ರಿಕೆಯನ್ನ ಒಮ್ಮೆ ಪೂರ್ತಿ ಓದಿ ನೋಡಿ. ಮೇಲೆ ಕುಲದೇವರ ಹೆಸರು, ಆಮೇಲೆ ತಿಥಿ, ನಕ್ಷತ್ರ, ಅಕ್ಷತೆಯ ಮುಹೂರ್ತ, ಭೋಜನದ ವೇಳೆ, ಸುಖಾಗಮನ ಬಯಸುವವರ ಉದ್ದ ಪಟ್ಟಿ, ಕೊನೆಗೆ "ಆಶೀರ್ವಾದವೇ ಉಡುಗೊರೆ". ಇಷ್ಟೆಲ್ಲ ಇದ್ದರೂ "ಬರ್ತೀರೋ ಇಲ್ಲವೋ ತಿಳಿಸಿ" ಅನ್ನೋ ಒಂದು ಸಾಲು ಎಲ್ಲೂ ಸಿಗೋದಿಲ್ಲ. ಕರೆಯೋದು ನಮ್ಮ ಕೆಲಸ, ಬರೋದು ಅವರ ಪ್ರೀತಿ. ನಡುವೆ ನಿಂತು ಲೆಕ್ಕ ಕೇಳೋದು ಮರ್ಯಾದೆ ಅಲ್ಲ ಅಂತ ನಮ್ಮ ಹಿರಿಯರು ತೀರ್ಮಾನ ಮಾಡಿಬಿಟ್ಟಿದ್ದಾರೆ.

ಇಂಗ್ಲಿಷ್ ಪತ್ರಿಕೆಗಳ ಮೂಲೆಯಲ್ಲಿ ಆರ್‌ಎಸ್‌ವಿಪಿ ಅಂತ ಇರುತ್ತೆ, ನಿಜ. ಅದು "ದಯವಿಟ್ಟು ಉತ್ತರ ಕೊಡಿ" ಅನ್ನೋ ಫ್ರೆಂಚ್ ಮಾತಿನ ಮೊದಲಕ್ಷರಗಳು. ಆದರೆ ನಮ್ಮವರು ಅದರ ಕೆಳಗೆ ಅಣ್ಣ-ತಮ್ಮಂದಿರ ಹೆಸರು ಹಾಕಿ ಕೈ ತೊಳೆದುಕೊಳ್ತಾರೆ. ನಮ್ಮೂರಿನ ಹಿರಿಯರೊಬ್ಬರು ಅದನ್ನ ವಿ.ಪಿ.ಪಿ.ಯ ಹಾಗೆ ಏನೋ ಒಂದು, ರೊಕ್ಕ ಕೊಟ್ಟು ಬಿಡಿಸಿಕೊಳ್ಳಬೇಕು ಅಂತ ತಿಳಿದಿದ್ದರು. ಕನ್ನಡ ಪುಸ್ತಕಗಳನ್ನ ವಿ.ಪಿ.ಪಿ. ಮೂಲಕ ತರಿಸಿ ಓದಿದ ತಲೆಮಾರು, ಅವರ ತಪ್ಪೇನೂ ಇಲ್ಲ ಬಿಡಿ.

2024ರ ಫೆಬ್ರವರಿಯಲ್ಲಿ ನಮ್ಮ ಮಗಳ ಮದುವೆ ಮುಂಬೈಯಲ್ಲೇ ಆಯಿತು. ನಾವು ಧಾರವಾಡದ ಕಡೆಯವರು, ಡೊಂಬಿವಲಿಗೆ ಬಂದು ಮೂವತ್ತು ವರ್ಷ ದಾಟಿದೆ. ಬೀಗರು ಪುಣೆಯ ಮರಾಠಿಯವರು. ಊರಲ್ಲಾಗಿದ್ದರೆ ಲೆಕ್ಕದ ತಲೆನೋವೇ ಇರಲಿಲ್ಲ. ಐವತ್ತು ಮಂದಿ ಹೆಚ್ಚು ಬಂದರೆ ಸಾರಿಗೆ ಎರಡು ಕೊಡ ನೀರು, ಇನ್ನೊಂದು ಪಂಗ್ತಿ. ಇಲ್ಲಿ ಹಾಗಲ್ಲ. ಹಾಲ್‌ನವರು ನಾಲ್ಕು ನೂರಕ್ಕಿಂತ ಹೆಚ್ಚು ಮಂದಿಗೆ ಜಾಗ ಇಲ್ಲ ಅಂದರು. ಊಟದವರು ಎಲೆಗೆ ಆರು ನೂರು ರೂಪಾಯಿ, ಮೂರು ದಿನ ಮುಂಚೆ ಪಕ್ಕಾ ಲೆಕ್ಕ ಕೊಡಿ ಅಂದರು. ಐವತ್ತು ಮಂದಿ ಬರಲಿಲ್ಲ ಅಂದರೆ ಮೂವತ್ತು ಸಾವಿರ ರೂಪಾಯಿಯ ಅನ್ನ ಚೆಲ್ಲಿದ ಹಾಗೆ. ಐವತ್ತು ಮಂದಿ ಹೆಚ್ಚು ಬಂದರೆ ಅದಕ್ಕಿಂತ ಕಷ್ಟ. ಬಂದವರನ್ನ ಹಸಿದು ಕಳಿಸಿದ ಮನೆ ಅಂತ ಮೊಮ್ಮಕ್ಕಳ ಕಾಲದವರೆಗೂ ಹೆಸರು ಉಳಿಯುತ್ತೆ.

ಹಾಗಾಗಿ ಉತ್ತರ ಕೇಳಲೇಬೇಕಾಯಿತು. ಹೇಗೆ ಕೇಳೋದು ಅನ್ನೋದರ ಮೇಲೆ ಮನೆಯಲ್ಲಿ ಎರಡು ಪಕ್ಷ.

ಮಗಳದು ಆನ್‌ಲೈನ್ ಪಕ್ಷ. ಗೂಗಲ್ ಫಾರ್ಮ್ ಒಂದು ಮಾಡಿ, ಲಿಂಕನ್ನ ವಾಟ್ಸಾಪ್‌ನಲ್ಲಿ ಕಳಿಸಿದರೆ ಆಯ್ತು. ಖರ್ಚು ಸೊನ್ನೆ. ಉತ್ತರಗಳು ತಾವೇ ಸಾಲಾಗಿ ಹಾಳೆಯಲ್ಲಿ ಬಂದು ಕೂತು, ಒಟ್ಟು ಎಷ್ಟು ಅಂತ ಕ್ಷಣದಲ್ಲಿ ತೋರಿಸುತ್ತೆ. ನನ್ನದು ಟಪಾಲಿನ ಪಕ್ಷ. "ಸ್ವಾದರಮಾವಗ ಲಿಂಕ್ ಕಳಸ್ತೀಯೇನು? ಒತ್ತು ಅಂತೀಯೇನು?" ಅಂತ ಕೇಳಿದೆ. "ಅಪ್ಪಾ, ಅವರ ಮೊಮ್ಮಗಾ ಒತ್ತತಾನ" ಅಂದಳು. "ಅಂದ್ರ ನೀ ಕರದದ್ದು ಮೊಮ್ಮಗನ್ನೇನು?" ಅಂದೆ. ಅಲ್ಲಿಗೆ ಮಾತು ನಿಂತಿತು.

ಹೆಂಡತಿ ನಡುವೆ ಬಂದು ಯಾದಿ ಹಿಡಿದು ಕೂತಳು. ಒಟ್ಟು 180 ಮನೆ. 140 ಮನೆಗೆ ಲಿಂಕು, ವಯಸ್ಸಾದವರು ಇರುವ 40 ಮನೆಗೆ ಕಾರ್ಡು. ಪತ್ರಿಕೆ ಮಾತ್ರ ಎಲ್ಲರಿಗೂ ಅರಿಶಿನ ಕುಂಕುಮ ಹಚ್ಚಿ ಮೊದಲು ಹೋಗಬೇಕು, ಪತ್ರಿಕೆ ಮುಟ್ಟಿದ ಮೇಲೇನೇ ಲಿಂಕು. ಈ ಕರಾರಿಗೆ ಮಗಳೂ ಒಪ್ಪಿದಳು.

ಕಾರ್ಡಿನ ಕಥೆ ಕೇಳಿ. ಅಂಚೆ ಇಲಾಖೆ ಮೊದಲಿಂದಲೂ ಜವಾಬಿ ಕಾರ್ಡು ಅಂತ ಮಾರ್ತಿತ್ತು. ಎರಡು ಕಾರ್ಡು ಜೋಡಿಯಾಗಿ, ಒಂದರಲ್ಲಿ ನಾವು ಬರೆಯೋದು, ಇನ್ನೊಂದನ್ನ ಅವರು ಹರಿದು ಉತ್ತರ ಬರೆಯೋದು. ಒಂದು ರೂಪಾಯಿಗೆ ಹೋಗೋದೂ ಆಯಿತು, ಬರೋದೂ ಆಯಿತು. ನಮ್ಮ ದೇಶದ ಅಸಲಿ ಆರ್‌ಎಸ್‌ವಿಪಿ ಅದೇ ನೋಡಿ! ಅದನ್ನ ಕೇಳಿದರೆ ನಮ್ಮ ಪೋಸ್ಟ್ ಆಫೀಸಿನ ಕೌಂಟರಿನಲ್ಲಿದ್ದ ಹುಡುಗಿ ನನ್ನ ಮುಖವನ್ನೇ ನೋಡಿದಳು. ಕೊನೆಗೆ ಐವತ್ತು ಪೈಸೆಯ ಸಾದಾ ಕಾರ್ಡು ನಲವತ್ತು ಕೊಟ್ಟಳು, ಇಪ್ಪತ್ತು ರೂಪಾಯಿ. "ಪ್ರಿಂಟ್ ಮಾಡ್ಸಬೇಡಿ ಅಂಕಲ್, ಪ್ರಿಂಟ್ ಇದ್ರೆ ಆರು ರೂಪಾಯಿ ಕಾರ್ಡು ಬೇಕಾಗುತ್ತೆ" ಅಂತ ಮರಾಠಿಯಲ್ಲಿ ಎಚ್ಚರಿಕೆಯನ್ನೂ ಕೊಟ್ಟಳು. ಹಾಗಾಗಿ ನಲವತ್ತು ಕಾರ್ಡಿನ ಮೇಲೂ ನಮ್ಮ ವಿಳಾಸ, ಪಿನ್‌ಕೋಡ್ ಸಮೇತ ಕೈಯಲ್ಲೇ ಬರೆದು, ಪತ್ರಿಕೆಯ ಲಕೋಟೆಯೊಳಗೆ ಇಟ್ಟು ಕಳಿಸಿದೆ.

ಈಗ ಫಾರ್ಮಿನ ಕಥೆ. ಲಿಂಕ್ ಹೋದ ಹತ್ತು ನಿಮಿಷಕ್ಕೆ ಉತ್ತರ ಶುರು. ಒಂದು ವಾರದಲ್ಲಿ 109 ಮನೆಯವರು ಒತ್ತಿದ್ದರು. "ಬರ್ತೀವಿ" 71, "ಇನ್ನೂ ಖಚಿತ ಇಲ್ಲ" 36, "ಇಲ್ಲ" 2. ಆ ಎರಡೂ ಮಗಳ ಆಫೀಸಿನವರದ್ದು. ನಮ್ಮ ಬಳಗದಲ್ಲಿ "ಇಲ್ಲ" ಒತ್ತಿದವರು ಒಬ್ಬರೂ ಇಲ್ಲ! ದುಬೈಯಲ್ಲಿ ಕೂತವರು, ಸೊಸೆಯ ಬಾಣಂತನಕ್ಕೆ ಅಮೆರಿಕಕ್ಕೆ ಹೋದವರು, ಎಲ್ಲರೂ "ಬರ್ತೀವಿ" ಇಲ್ಲವೇ "ಖಚಿತ ಇಲ್ಲ".

ಮಗಳಿಗೆ ಇದು ಅರ್ಥವೇ ಆಗಲಿಲ್ಲ. ನನಗೆ ಆಶ್ಚರ್ಯ ಆಗಲಿಲ್ಲ. ಶುಭಕಾರ್ಯಕ್ಕೆ "ಇಲ್ಲ" ಅನ್ನಬಾರದು ಅಂತ ಬೆಳೆದವರು ನಾವು. ಮನೆಯಲ್ಲಿ ಅಕ್ಕಿ ತೀರಿದರೂ "ಅಕ್ಕಿ ಇಲ್ಲ" ಅನ್ನದೆ "ಅಕ್ಕಿ ಹೆಚ್ಚಾಗ್ಯಾವ" ಅಂತಿದ್ದಳು ನಮ್ಮ ಅವ್ವ. ಅಂಥವರ ಮಕ್ಕಳು ಮದುವೆಗೆ "ಇಲ್ಲ" ಅಂತ ಬಟನ್ ಒತ್ತುತ್ತಾರೆಯೇ? ನಮ್ಮ ಭಾಷೆಯಲ್ಲಿ ಬರೋದಿಲ್ಲ ಅನ್ನೋದಕ್ಕೆ ಬೇರೆ ಬೇರೆ "ಬರ್ತೀವಿ"ಗಳೇ ಇವೆ. "ಬಂದೇ ಬರ್ತೀವಿ" ಅಂದರೆ ಟಿಕೀಟು ಆಗಿದೆ. "ಬರ್ತೀವಿ ಬಿಡ್ರಿ" ಅಂದರೆ ಒಬ್ಬರು ಬರಬಹುದು. "ಬರದ ಇರ್ತೀವೇನ್ರಿ!" ಅಂದರೆ ಅನುಮಾನ. "ನೋಡೂಣು, ದೇವರ ಇಚ್ಛಾ" ಅಂದರೆ ಎಲೆ ಹಾಕಬೇಡಿ. ಈ ವ್ಯತ್ಯಾಸ ಗೊತ್ತಾಗೋದು ದನಿಯಲ್ಲಿ. ಮೂರು ಗುಂಡಿಯಲ್ಲಿ ಅದು ಹಿಡಿಯೋದಿಲ್ಲ.

ಇದಕ್ಕೆ ದಾರಿ ಹುಡುಕಿದವಳು ನನ್ನ ಹೆಂಡತಿ. ಅವಳು ಫೋನ್ ಮಾಡಿ ಯಾರಿಗೂ "ಬರ್ತೀರೇನು?" ಅಂತ ಕೇಳಲಿಲ್ಲ. "ಯಾವ ಗಾಡಿಗೆ ಬರ್ತೀರಿ? ಸ್ಟೇಶನ್ನಿಗೆ ಯಾರನ್ನ ಕಳಸ್ಲಿ?" ಅಂತ ಕೇಳಿದಳು. ಆಗ ರೈಲಿನ ಮುಂಗಡ ಬುಕಿಂಗು 120 ದಿನ ಮೊದಲೇ ತೆರೀತಿತ್ತು (2024ರ ನವೆಂಬರ್ 1ರಿಂದ ಅದು 60 ದಿನ ಆಗಿದೆ). ಬರೋರು ಅಷ್ಟೊತ್ತಿಗೆ ಟಿಕೀಟು ತೆಗೆಸಿರಲೇಬೇಕು. ಗಾಡಿ ಹೆಸರು ಹೇಳಿದವರು ಲೆಕ್ಕಕ್ಕೆ, "ಇನ್ನಾ ನೋಡಬೇಕ್ರಿ" ಅಂದವರು ಆಶೀರ್ವಾದಕ್ಕೆ. ಯಾರ ಬಾಯಲ್ಲೂ "ಇಲ್ಲ" ಅನ್ನಿಸದೆ ಉತ್ತರ ಸಿಕ್ಕಿತು. ಮಗಳು ಜಾಣೆ, ಅವತ್ತೇ ಫಾರ್ಮ್ ಬದಲಾಯಿಸಿದಳು. "ಬರುತ್ತೀರಾ" ತೆಗೆದು "ಎಷ್ಟು ಮಂದಿ, ಯಾವತ್ತು ಮುಟ್ಟುತ್ತೀರಿ, ಉಳಿಯಲು ಕೋಣೆ ಬೇಕೇ" ಅಂತ ಹಾಕಿದಳು. "ಖಚಿತ ಇಲ್ಲ" ಅಂದಿದ್ದ 36 ಮನೆಗೆ ಅದನ್ನ ಮತ್ತೆ ಕಳಿಸಿದಾಗ ಹೆಚ್ಚಿನವರು ಸಂಖ್ಯೆ ತುಂಬಿದರು. ಸೊನ್ನೆ ಬರೆಯೋದಕ್ಕೆ ಯಾರಿಗೂ ಸಂಕೋಚ ಆಗಲಿಲ್ಲ ನೋಡಿ!

ಟಪಾಲಿನ ಕಾರ್ಡು ನಿಧಾನಕ್ಕೆ ಬಂದವು. ನಲವತ್ತರಲ್ಲಿ 26 ಬಂದವು, ಅದರಲ್ಲಿ ಮೂರು ಮದುವೆ ಆದ ಮೇಲೆ. ಎಷ್ಟು ಮಂದಿ ಬರ್ತೀವಿ ಅಂತ ಬರೆದವರು ಒಂಬತ್ತೇ ಮನೆಯವರು. ಲೆಕ್ಕದ ದೃಷ್ಟಿಯಿಂದ ನೋಡಿದರೆ ನನ್ನ ಪಕ್ಷ ಸೋತಿತು ಅಂತಲೇ ಹೇಳಬೇಕು. ಆದರೆ ಉಳಿದವರು ಏನು ಬರೆದಿದ್ದರು? "ಇತ್ತ ಕಡೆ ಎಲ್ಲ ಕ್ಷೇಮ" ಅಂತ ಶುರು ಮಾಡಿ, ಮೊಣಕಾಲು ನೋವು, ಜೋಳದ ಬೆಳೆ, ನಮ್ಮ ಅವ್ವನ ನೆನಪು, ಹುಡುಗಿಗೆ ನಾಲ್ಕು ಬುದ್ಧಿಮಾತು. ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದವರೂ ಇದ್ದರು. ಬರಲಾಗದವರ ಕಾರ್ಡುಗಳೇ ಉದ್ದ ಇದ್ದವು. ಹಿಂದೆ ಬರಲಾಗದವರು ತಂತಿ ಕಳಿಸ್ತಿದ್ದರಲ್ಲ, ಮದುವೆಯ ಶುಭಾಶಯಕ್ಕೆ ಎಂಟನೇ ನಂಬರಿನ ಸಂದೇಶ ಅಂತ ಇತ್ತು. 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತ ಮೇಲೆ, ಬರಲಾಗದವರಿಗೆ ಮದುವೆಯಲ್ಲಿ ಪಾಲು ಕೊಡುವ ದಾರಿ ಒಂದು ಕಡಿಮೆ ಆಯಿತು.

ಒಂದು ಕಾರ್ಡಿನ ಬಗ್ಗೆ ಹೇಳಲೇಬೇಕು. ನಮ್ಮ ದೊಡ್ಡಪ್ಪನ ಮಗ, ನನಗಿಂತ ಆರು ವರ್ಷ ದೊಡ್ಡವನು. 2012ರಲ್ಲಿ ಹೊಲದ ಪಾಲಿನ ವಿಷಯಕ್ಕೆ ಎರಡು ಮನೆ ನಡುವೆ ಮಾತು ನಿಂತದ್ದು ನಿಂತೇ ಇತ್ತು. ಅವನ ಲಕೋಟೆಯಲ್ಲೂ ಒಂದು ಕಾರ್ಡು ಇಟ್ಟಿದ್ದೆ. ಮದುವೆಗೆ ಎಂಟು ದಿನ ಇರುವಾಗ ಅದು ವಾಪಸ್ ಬಂತು. ನಾಲ್ಕೇ ಸಾಲು.

"ಚಿ. ಕೂಸಿಗೆ ಆಶೀರ್ವಾದ.
ನಿಮ್ಮ ವೈನಿ ಮತ್ತು ಹುಡುಗರಿಬ್ಬರು ಬರತಾರ. ಮೂರು ಮಂದಿ.
ನಾ ಬರೂದಿಲ್ಲ.
ಸಿಟ್ಟು ಕೂಸಿನ ಮ್ಯಾಲೆ ಅಲ್ಲ."

ನಮ್ಮ ಬಳಗ ಪೂರ್ತಿಯಲ್ಲಿ ನೇರವಾಗಿ "ಬರೂದಿಲ್ಲ" ಅಂದವನು ಅವನೊಬ್ಬನೇ. ಎಲ್ಲರ ಸಿಹಿಯಾದ "ಬರ್ತೀವಿ"ಗಳ ನಡುವೆ ಆ ಒಂದು "ಇಲ್ಲ" ನನಗೆ ಎಷ್ಟು ನೆಮ್ಮದಿ ಕೊಟ್ಟಿತು ಅಂದರೆ ಹೇಳಲಾರೆ. ಹನ್ನೊಂದು ವರ್ಷ ಸುಮ್ಮನಿದ್ದವನು ನನಗೆ ಉತ್ತರ ಬರೆದಿದ್ದ. ಅದೇ ಲಿಂಕ್ ಕಳಿಸಿದ್ದರೆ ವೈನಿಯ ಫೋನಿನಲ್ಲಿ ಹುಡುಗರು 3 ಅಂತ ಒತ್ತಿ ಮುಗಿಸ್ತಿದ್ದರು. ಆ ಕೊನೆಯ ಸಾಲಿಗೆ ಫಾರ್ಮಿನಲ್ಲಿ ಖಾನೆ ಎಲ್ಲಿದೆ? ಮಗಳು ಕಾರ್ಡು ಓದಿ, ಏನೂ ಮಾತಾಡದೆ, ಫಾರ್ಮಿನ ಕೊನೆಗೆ "ಬೇರೇನಾದರೂ ಹೇಳುವುದಿದ್ದರೆ" ಅಂತ ಒಂದು ಖಾನೆ ಸೇರಿಸಿದಳು. ಅದರಲ್ಲಿ ಬಂದದ್ದು ಕೈಮುಗಿದ ಚಿತ್ರಗಳು, ಮತ್ತೆ ಒಬ್ಬರ "ಶೇಂಗಾ ಚಟ್ನಿ ತರ್ಲೇನು?". ಇರಲಿ, ಅದೂ ಪ್ರೀತಿಯೇ.

ವೈನಿ ಮತ್ತು ಹುಡುಗರು ಬಂದರು. ಊಟದವರಿಗೆ 360 ಅಂತ ಹೇಳಿದ್ದೆವು, 352 ಎಲೆ ಎದ್ದವು. ಈ ಪಕ್ಕಾ ಲೆಕ್ಕದ ಪುಣ್ಯ ಫಾರ್ಮಿಗೆ ಅರ್ಧ, ನನ್ನ ಹೆಂಡತಿಯ ಫೋನಿಗೆ ಅರ್ಧ.

ಮನೆಯಲ್ಲಿ ಮದುವೆ ಇಟ್ಟುಕೊಂಡ ಸ್ನೇಹಿತರು ಈಗಲೂ ಯಾವುದು ಒಳ್ಳೆಯದು ಅಂತ ಕೇಳ್ತಾರೆ. ನಾನು ಹೇಳೋದಿಷ್ಟು. ತಲೆ ಎಣಿಸೋದಕ್ಕೆ ಆನ್‌ಲೈನೇ ಸರಿ, ಅದರಲ್ಲಿ ವಾದ ಬೇಡ. ಆದರೆ ಕನ್ನಡದಲ್ಲಿ ಮಾಡಿ, ಹೌದು-ಇಲ್ಲ ಕೇಳಬೇಡಿ, ಸಂಖ್ಯೆ ಕೇಳಿ, ಕೊನೆಯ ದಿನಾಂಕ ಹಾಕಿ. ಲಿಂಕ್ ಕಳಿಸುವ ಮೊದಲು ಒಂದು ಫೋನ್ ಮಾಡಿ. 2024ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ವಾಟ್ಸಾಪ್‌ನಲ್ಲಿ ಬರುವ ನಕಲಿ ಮದುವೆ ಪತ್ರಿಕೆಯ ಫೈಲುಗಳ ಬಗ್ಗೆ ಎಚ್ಚರಿಸಿದ್ದರು, ಒತ್ತಿದರೆ ಫೋನೇ ಕಳ್ಳರ ಕೈಗೆ. ಅದಾದ ಮೇಲೆ ಗೊತ್ತಿಲ್ಲದ ಲಿಂಕು ಮುಟ್ಟಲು ಹಿರಿಯರು ಹೆದರ್ತಾರೆ, ಹೆದರೋದೇ ಒಳ್ಳೆಯದು. ಕಾರ್ಡು ಎಲ್ಲರಿಗೂ ಬೇಡ. ನಿಮಗೆ ಯಾರ ಅಕ್ಷರ ನೋಡಬೇಕು ಅನ್ನಿಸುತ್ತೋ, ಯಾರ ಜೊತೆ ಫೋನಿನಲ್ಲಿ ಮಾತು ಹೊರಡೋದಿಲ್ಲವೋ, ಅವರಿಗೆ ಮಾತ್ರ. ವಿಳಾಸ ನೀವೇ ಬರೆದು, ಒಂದು ತಿಂಗಳು ಮೊದಲೇ ಕಳಿಸಿ. ಲೆಕ್ಕಕ್ಕೆ ಅದನ್ನ ನಂಬಬೇಡಿ.

ಕಳೆದ ತಿಂಗಳು ಅಣ್ಣನ ದೊಡ್ಡ ಮಗನ ಲಗ್ನಪತ್ರಿಕೆ ನಮ್ಮ ಮನೆಗೆ ಬಂತು, ಟಪಾಲಿನಲ್ಲಿ. ಲಿಂಕು ಇಲ್ಲ, ಕಾರ್ಡೂ ಇಲ್ಲ, ಉತ್ತರ ಕೇಳಿಯೂ ಇಲ್ಲ. ನಾನೇ ಒಂದು ಕಾರ್ಡು ತಂದು ಬರೆದು ಹಾಕಿದ್ದೀನಿ. ಇಬ್ಬರು ಬರ್ತೀವಿ, ಹಿಂದಿನ ದಿನ ಮುಂಜಾನೆ ಹುಬ್ಬಳ್ಳಿಗೆ ಇಳೀತೀವಿ, ಸ್ಟೇಶನ್ನಿಗೆ ಯಾರನ್ನೂ ಕಳಸಬ್ಯಾಡ ಅಂತ.