ತೊಟ್ಟಿಲ ಪಕ್ಕದ ಪಾಠಾಂತರ

ಹಳೆಯ ಓಲೆಗರಿಗಳ ಕೊನೆಯಲ್ಲಿ ಪ್ರತಿಕಾರರು ತಮ್ಮ ಬಗ್ಗೆ ನಾಲ್ಕು ಮಾತು ಬರೆದುಕೊಳ್ಳುವ ರೂಢಿಯಿದೆ. ಸಂವತ್ಸರ, ಮಾಸ, ತಿಥಿಗಳನ್ನು ಹೇಳಿ, ಬರೆಯಿಸಿದವರನ್ನು ನೆನೆದು, ಬೆನ್ನು ಬಾಗಿ ಕುತ್ತಿಗೆ ನೊಂದು ಕಷ್ಟದಿಂದ ಬರೆದ ಪುಸ್ತಕವಿದು, ಜೋಪಾನ ಮಾಡಿರೆಂದು ಬೇಡಿಕೊಳ್ಳುತ್ತಾರೆ. ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ವಿನಂತಿಸುವುದೂ ಉಂಟು. ನಾನು ನೋಡಿದ ಯಾವ ಪ್ರತಿಯ ಪುಷ್ಪಿಕೆಯಲ್ಲೂ, ಬರೆಯುತ್ತಿದ್ದಾಗ ಮನೆಯಲ್ಲಿ ಕೂಸು ಅಳುತ್ತಿತ್ತೆಂಬ ಮಾತಿಲ್ಲ. ಪ್ರತಿಕಾರರಿಗೂ ಕವಿಗಳಿಗೂ ಮಕ್ಕಳಿದ್ದರು. ಅವರು ಬರೆಯುವ ಹೊತ್ತಿನಲ್ಲಿ ಆ ಮಕ್ಕಳನ್ನು ಬೇರೆ ಯಾರೋ ಎತ್ತಿಕೊಂಡಿದ್ದರು. ನಮ್ಮ ಸಾಹಿತ್ಯಚರಿತ್ರೆಯಲ್ಲಿ ದಾಖಲಾಗದ ಆ ದುಡಿಮೆಯ ಕುರಿತು ಯೋಚಿಸುವ ಸಂದರ್ಭ, ಮಗಳು ಹುಟ್ಟಿದ ಮೇಲಿನ ಈ ಮೂರು ತಿಂಗಳಲ್ಲಿ ನನಗೆ ಒದಗಿತು.

ನನ್ನ ಪಿಎಚ್.ಡಿ. ಅಧ್ಯಯನವು ಇನ್ನೂ ಅಚ್ಚಾಗದ ಒಂದು ಸಾಂಗತ್ಯ ಕೃತಿಯ ಸಂಪಾದನೆಗೆ ಸಂಬಂಧಿಸಿದ್ದು. ಮೂರು ಓಲೆಪ್ರತಿಗಳ ಛಾಯಾಚಿತ್ರಗಳು ನನ್ನಲ್ಲಿವೆ. ಹೆರಿಗೆಗೆ ಮೊದಲು ಎರಡು ಸಂಧಿಗಳ ಪಾಠ ಸಿದ್ಧವಾಗಿತ್ತು, ಐದು ಉಳಿದಿದ್ದವು. ನೋಂದಣಿಯಾಗಿ ಐದನೆಯ ವರ್ಷ ನಡೆಯುತ್ತಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2016ರ ನಿಯಮಾವಳಿಯು ಸಂಶೋಧನಾ ವಿದ್ಯಾರ್ಥಿನಿಯರಿಗೆ ಅಧ್ಯಯನದ ಅವಧಿಯಲ್ಲಿ ಹೆರಿಗೆ ಮತ್ತು ಶಿಶುಪಾಲನೆಗೆಂದು 240 ದಿನಗಳವರೆಗೆ ರಜೆ ಪಡೆಯಲು ಅವಕಾಶ ಕೊಟ್ಟಿತು. 2022ರ ನಿಯಮಾವಳಿಯಲ್ಲೂ ಅದು ಉಳಿದಿದೆ. ಗರಿಷ್ಠ ಆರು ವರ್ಷಗಳ ಅವಧಿಯ ಮೇಲೆ ಮಹಿಳೆಯರಿಗೆ ಇನ್ನೆರಡು ವರ್ಷಗಳ ವಿನಾಯಿತಿಯೂ ಇದೆ. ಈ ಹಕ್ಕುಗಳ ಮಹತ್ತ್ವವನ್ನು ನಾನು ಕಡಿಮೆಯೆಂದು ಭಾವಿಸುವುದಿಲ್ಲ. ಆದರೆ ನಿಯಮವು ದಿನಗಳನ್ನು ಕೊಡುತ್ತದೆ. ಆ ದಿನದೊಳಗೆ ಓದುವ ಹೊತ್ತನ್ನು ಮನೆಯಲ್ಲಿಯೇ ಹುಡುಕಬೇಕು.

ಹುಡುಕುವುದು ಸುಲಭವಲ್ಲ. ನವಜಾತ ಶಿಶು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಹಾಲೂಡಿಸಿ, ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ, ಬಟ್ಟೆ ಬದಲಿಸಿ ಮಲಗಿಸಲು ಪ್ರತಿ ಸಲಕ್ಕೆ 40 ನಿಮಿಷವೆಂದರೂ ಹತ್ತು ಸಲಕ್ಕೆ 400 ನಿಮಿಷ, ಅಂದರೆ ಆರೂವರೆ ಗಂಟೆಗೂ ಹೆಚ್ಚು. ಇದು ಒಟ್ಟಿಗೆ ಬರುವ ಆರೂವರೆ ಗಂಟೆಯಲ್ಲ; ಹಗಲನ್ನೂ ಇರುಳನ್ನೂ ಸಮವಾಗಿ ತುಂಡರಿಸುವಂಥದು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಸಾಂಬ್ರಾಣಿಯ ಹೊಗೆ ಹಾಕುವುದು, ಬಾಣಂತಿಯ ಪಥ್ಯದ ಅಡಿಗೆ, ಒಗೆದು ಹರವಬೇಕಾದ ಹತ್ತಾರು ಬಟ್ಟೆಗಳು, ನೋಡಲು ಬರುವವರಿಗೆ ಚಹಾ, ಇವೆಲ್ಲ ಅದರ ಮೇಲೆ.

ಮೊದಲ ನಲವತ್ತು ದಿನ ಅವ್ವ ಧಾರವಾಡದ ನಮ್ಮ ಮನೆಗೇ ಬಂದು ಬಾಣಂತನ ಮಾಡಿದಳು. ಸಬ್ಬಸಿಗೆ ಸೊಪ್ಪು, ಓಮದ ನೀರು, ಅಂಟಿನುಂಡೆಗಳ ವ್ಯವಸ್ಥೆ ಅವಳದು. ಒಂದು ಮಧ್ಯಾಹ್ನ ನಾನು ಛಾಯಾಚಿತ್ರಗಳನ್ನು ಬಿಚ್ಚಿಕೊಂಡು ಕುಳಿತಾಗ, "ನಿನ್ನ ಗ್ರಂಥ ಎಲ್ಲಿ ಓಡಿ ಹೋಗತದ? ಕೂಸು ಮಲಗೇದ, ನೀನೂ ಮಲಕೋ" ಎಂದಳು. "ಗ್ರಂಥ ಓಡೂದಿಲ್ಲವ್ವ, ಓದಿದ್ದು ಮರೆತು ಹೋಗತದ" ಎಂದೆ. ಅವಳು ಮತ್ತೆ ಮಾತನಾಡಲಿಲ್ಲ. ಮರುದಿನದಿಂದ ಕೂಸಿಗೆ ಎರೆದ ಮೇಲೆ ತನ್ನ ಕಾಲ ಮೇಲೆ ಮಲಗಿಸಿಕೊಂಡು, "ಇನ್ನ ಅರ್ಧ ತಾಸು ನಿನ್ನದು" ಎನ್ನತೊಡಗಿದಳು. ಆ ಅರ್ಧ ತಾಸಿನಲ್ಲಿ ಕೆಲವು ದಿನ ನಾನು ಓದಿದೆ, ಹೆಚ್ಚಿನ ದಿನ ನಿದ್ದೆ ಮಾಡಿದೆ. ಎರಡೂ ಬೇಕಾಗಿದ್ದವು.

ಅವ್ವ ಊರಿಗೆ ಹೊರಟ ಸಂಜೆ ನಾನೂ ನಮ್ಮ ಮನೆಯವರೂ ಕುಳಿತು ಮನೆಗೆಲಸಗಳ ಪಟ್ಟಿ ಮಾಡಿದೆವು. ಮಾಡಲೇಬೇಕಾದವು, ಮುಂದೂಡಬಹುದಾದವು, ಕೈಬಿಡಬಹುದಾದವು ಎಂದು ವಿಂಗಡಿಸಿದೆವು. ಬಟ್ಟೆ ಮಡಚಿಡುವುದನ್ನು ಕೈಬಿಟ್ಟೆವು. ರಾತ್ರಿಗೆ ಬೇರೆ ಪಲ್ಯ ಮಾಡುವುದನ್ನು ಕೈಬಿಟ್ಟೆವು. ಕೂಸಿನ ಬಟ್ಟೆ ಒಗೆಯುವುದು, ಬೆಳಗಿನ ಅಡಿಗೆ, ಕಿರಾಣಿ, ಬಂದವರ ಉಪಚಾರ ಅವರ ಪಾಲಿಗೆ ಬಂದವು. ಹಾಲೂಡಿಸುವುದನ್ನು ಹಂಚಿಕೊಳ್ಳಲಾಗದು, ಉಳಿದುದೆಲ್ಲವನ್ನೂ ಹಂಚಿಕೊಳ್ಳಬಹುದೆಂಬುದು ಆ ಪಟ್ಟಿಯಿಂದ ಸ್ಪಷ್ಟವಾಯಿತು.

ಸಂಶೋಧನೆಯ ಕೆಲಸವನ್ನೂ ಹಾಗೆಯೇ ವಿಂಗಡಿಸಿದೆ. ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ಮಾಡಬಹುದಾದುದು ಮೊದಲನೆಯದು: ಪದ್ಯವನ್ನು ಗಟ್ಟಿಯಾಗಿ ಓದುವುದು, ನೆನಪಿಟ್ಟುಕೊಳ್ಳುವುದು. ಇಪ್ಪತ್ತು ನಿಮಿಷದ ಬಿಡುವಿನಲ್ಲಿ ಮುಗಿಯುವುದು ಎರಡನೆಯದು: ಒಂದು ಪದ್ಯವನ್ನು ಮೂರು ಪ್ರತಿಗಳಲ್ಲಿ ಹೋಲಿಸಿ ಪಾಠಾಂತರ ಗುರುತಿಸುವುದು, ಒಂದು ಶಬ್ದಕ್ಕೆ ಚೀಟಿ ಬರೆಯುವುದು. ಗ್ರಂಥಸಂಪಾದನೆಯು ಈ ಬಗೆಯ ತುಂಡು ಹೊತ್ತಿಗೆ ಒಗ್ಗುವ ವಿದ್ಯೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಬುಡದಲ್ಲಿರುವುದೂ ಒಂದೊಂದಾಗಿ ಬರೆದ ಚೀಟಿಗಳೇ. ಎರಡು ಗಂಟೆಯ ಅಖಂಡ ಏಕಾಂತವಿಲ್ಲದೆ ಆಗದುದು ಮೂರನೆಯದು: ಪ್ರತಿಗಳ ಪರಸ್ಪರ ಸಂಬಂಧವನ್ನು ನಿರ್ಣಯಿಸುವುದು, ಪೀಠಿಕೆ ಬರೆಯುವುದು. ಇದಕ್ಕಾಗಿ ವಾರಕ್ಕೆ ಎರಡು ದಿನ, ಬೆಳಗಿನ ಹಾಲು ಕುಡಿಸಿದ ಮೇಲೆ, ಆರರಿಂದ ಎಂಟರವರೆಗೆ ಮಗಳು ತಂದೆಯ ಬಳಿ ಇರುತ್ತಾಳೆ. ನಾನು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ.

ಮೊದಲನೆಯ ಬಗೆಯಿಂದ ಒಂದು ಅನಿರೀಕ್ಷಿತ ಲಾಭವೂ ಆಯಿತು. ಸಾಂಗತ್ಯವು ಅಂಶಗಣದ, ಹಾಡಿಗೆ ಒಲಿದ ನಾಲ್ಕು ಸಾಲಿನ ಛಂದಸ್ಸು; ಎರಡನೆಯ ಮತ್ತು ನಾಲ್ಕನೆಯ ಸಾಲುಗಳು ಗಿಡ್ಡ. ಜೋಗುಳಗಳ ಸಂಗ್ರಹ ಮುಗಿದ ರಾತ್ರಿಗಳಲ್ಲಿ ನಾನು ಸಂಪಾದಿಸುತ್ತಿರುವ ಪದ್ಯಗಳನ್ನೇ ಅವ್ವನ ಹಾಡಿನ ಧಾಟಿಯಲ್ಲಿ ಹೇಳಿ ತೊಟ್ಟಿಲು ತೂಗತೊಡಗಿದೆ. ಮೂರನೆಯ ಸಂಧಿಯ ಒಂದು ಪದ್ಯದಲ್ಲಿ ಪ್ರತಿಗಳ ನಡುವೆ ಭೇದವಿತ್ತು. ಒಂದು ಪ್ರತಿಯ ಎರಡನೆಯ ಸಾಲಿನಲ್ಲಿ ಒಂದು ಪದ ಹೆಚ್ಚು. ಅಂಶಗಣದಲ್ಲಿ ಹಿಗ್ಗುವಿಕೆ ಕುಗ್ಗುವಿಕೆಗಳಿಗೆ ಎಡೆಯಿರುವುದರಿಂದ ಕಾಗದದ ಮೇಲಿನ ಲೆಕ್ಕ ಎರಡು ಪಾಠಗಳಿಗೂ ಒಪ್ಪುವಂತಿತ್ತು. ತೂಗುವ ಕೈಯ ಲಯಕ್ಕೆ ಹಾಡಿದಾಗ ಮಾತ್ರ ಆ ಪದದ ಬಳಿ ಹಾಡು ಪ್ರತಿ ಸಲವೂ ಎಡವಿತು. ಸಾಲುಗಳ ನಡುವೆ ಯಾರೋ ಬರೆದಿದ್ದ ಅರ್ಥಸೂಚಕ ಪದವೊಂದು ಮುಂದಿನ ಪ್ರತಿಯಲ್ಲಿ ಪದ್ಯದೊಳಕ್ಕೆ ಸೇರಿರಬೇಕೆಂದು ಈಗ ನನ್ನ ಅಭಿಪ್ರಾಯ. ಉಳಿದೆರಡು ಪ್ರತಿಗಳ ಪಾಠವನ್ನೇ ಸ್ವೀಕರಿಸಿದ್ದೇನೆ.

ಇಂಥ ಸಂತೋಷವನ್ನು ಹೇಳುವಾಗ ಎಚ್ಚರವೂ ಬೇಕು. ಬಾಣಂತನವು ಸಂಶೋಧನೆಗೆ ಪೂರಕವೆಂದು ನಾನು ವಾದಿಸುತ್ತಿಲ್ಲ. ಒಂದು ವಿಚಾರ ಸಂಕಿರಣಕ್ಕೆ ಒಪ್ಪಿದ್ದ ಪ್ರಬಂಧವನ್ನು ಬಿಟ್ಟುಕೊಟ್ಟೆ. ಅದೇ ವಿಷಯವನ್ನು ಬೇರೊಬ್ಬರು ಈಗ ಬರೆಯುತ್ತಿದ್ದಾರೆ. ಪೀಠಿಕೆ ಹನ್ನೊಂದನೆಯ ಪುಟದಲ್ಲಿ ನಿಂತಿದೆ. ಅವ್ವನೂ ಮನೆಯವರೂ ಕೈಜೋಡಿಸದಿದ್ದರೆ ಆ ಹನ್ನೊಂದು ಪುಟಗಳೂ ಇರುತ್ತಿರಲಿಲ್ಲ. ಅಂಥ ನೆರವಿಲ್ಲದೆ ಅಧ್ಯಯನವನ್ನೇ ನಿಲ್ಲಿಸಿದ ಗೆಳತಿಯರು ನನಗಿದ್ದಾರೆ. ಅವರಲ್ಲಿ ಪ್ರತಿಭೆ ಕಡಿಮೆಯಿರಲಿಲ್ಲ.

ಈ ದೃಷ್ಟಿಯಿಂದ ನೋಡಿದಾಗ ನಮಗೆ ಪರಿಚಿತವಾದ ಪ್ರಸಂಗಗಳೂ ಬೇರೆಯಾಗಿ ಕಾಣುತ್ತವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ, ರನ್ನನಿಂದ ಅಜಿತಪುರಾಣವನ್ನು (993) ಬರೆಯಿಸಿದ ಅತ್ತಿಮಬ್ಬೆಯನ್ನು ನಾವು ದಾನಚಿಂತಾಮಣಿಯೆಂದು ನೆನೆಯುತ್ತೇವೆ. ಗಂಡನನ್ನು ಕಳೆದುಕೊಂಡು ಮಗ ಅಣ್ಣಿಗದೇವನನ್ನು ಬೆಳೆಸಿದವಳೂ ಅವಳೇ. ಸಾವಿರ ಪ್ರತಿಗಳ ಸಂಖ್ಯೆ ನಮ್ಮ ಪರೀಕ್ಷೆಯ ಪ್ರಶ್ನೆಯಾಗುತ್ತದೆ. ಮಗನನ್ನು ಬೆಳೆಸಿದ ವರ್ಷಗಳು ಆಗುವುದಿಲ್ಲ. ಇನ್ನೊಂದು ಕಡೆ, ಜಿನಸೇನರ ಆದಿಪುರಾಣದಲ್ಲಿ ತಂದೆಯು ಬ್ರಾಹ್ಮಿ ಮತ್ತು ಸುಂದರಿಯರನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಒಬ್ಬಳಿಗೆ ಅಕ್ಷರವನ್ನೂ ಇನ್ನೊಬ್ಬಳಿಗೆ ಅಂಕಗಳನ್ನೂ ಕಲಿಸುವ ಚಿತ್ರವಿದೆ. ವಿದ್ಯೆ ಮತ್ತು ಶಿಶುಪಾಲನೆ ಒಂದೇ ತೊಡೆಯ ಮೇಲೆ ನಡೆಯಬಲ್ಲವೆಂಬ, ಆ ತೊಡೆ ತಂದೆಯದೂ ಆಗಬಲ್ಲದೆಂಬ ಕಲ್ಪನೆ ನಮ್ಮ ಪರಂಪರೆಗೆ ಹೊಸದಲ್ಲ.

ಸಂಶೋಧನೆಯ ನಡುವೆ ತಾಯ್ತನವನ್ನು ಎದುರುನೋಡುತ್ತಿರುವ ಕಿರಿಯರಿಗೆ ನನ್ನ ಅನುಭವದಿಂದ ಹೇಳಬಹುದಾದುದು ಇಷ್ಟೇ: ರಜೆಯನ್ನು ಸಂಕೋಚವಿಲ್ಲದೆ ಪಡೆಯಿರಿ, ಹೆರಿಗೆಗೆ ಮೊದಲೇ ಇಪ್ಪತ್ತು ನಿಮಿಷದ ಕೆಲಸಗಳನ್ನು ಬೇರ್ಪಡಿಸಿಡಿ, ಎರಡು ಗಂಟೆಯ ಕೆಲಸಕ್ಕೆ ಮನೆಯವರ ಮಾತು ತೆಗೆದುಕೊಳ್ಳಿ. ಪ್ರಬಂಧ ಮುಗಿದಾಗ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರ, ಗ್ರಂಥಾಲಯಗಳ ಹೆಸರಿನೊಡನೆ, ಮಗುವನ್ನು ಯಾರು, ಯಾವ ಹೊತ್ತಿನಲ್ಲಿ ಎತ್ತಿಕೊಂಡಿದ್ದರೆಂಬುದನ್ನೂ ಬರೆಯಿರಿ. ನನ್ನ ಪುಟದಲ್ಲಿ ಅವ್ವನ ಅರ್ಧ ತಾಸು ಮತ್ತು ವಾರದ ಎರಡು ಬೆಳಗುಗಳಿಗೆ ಈಗಾಗಲೇ ಜಾಗ ಬಿಟ್ಟಿದ್ದೇನೆ. ನಾಲ್ಕನೆಯ ಸಂಧಿಯ ಹೋಲಿಕೆ ನಡೆಯುತ್ತಿದೆ. ಇಂದು ಎರಡು ಪದ್ಯಗಳಾದವು.