ಬೆಟ್ಟಸಾಲಿನ ಎರಡೂ ಕಡೆ

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋಗುವವರ ಪಾಲಿಗೆ ಹಿರಿಯೂರು ಎಂದರೆ ಕಾಫಿಗೆ ಬಸ್ಸು ನಿಲ್ಲುವ ಊರು. ಹೊಳಲ್ಕೆರೆ ಶಿವಮೊಗ್ಗದ ದಾರಿಯಲ್ಲಿ ಕಿಟಕಿಯಾಚೆ ಸರಿದುಹೋಗುತ್ತದೆ. ಹೊಸದುರ್ಗವಂತೂ ರೈಲಿನವರಿಗೆ ಬರೀ ಒಂದು ಬೋರ್ಡು. ‘ಹೊಸದುರ್ಗ ರೋಡ್’ ಎಂದು ಬರೆದ ನಿಲ್ದಾಣದಲ್ಲಿ ಇಳಿದರೆ ಊರು ಇನ್ನೂ ದೂರವಿದೆ. ಎಲ್ಲರ ಕಣ್ಣೂ ಕೋಟೆಯ ಮೇಲೆ. ನಾಲ್ಕು ತಾಲ್ಲೂಕುಗಳನ್ನೂ ಒಂದೇ ಸುತ್ತಿನಲ್ಲಿ ನೋಡಬೇಕೆಂದು ನಾನು ಹೊರಟಿದ್ದು ಈ ಅಭ್ಯಾಸದ ಮೇಲಿನ ಒಂದು ತಕರಾರಿನಿಂದ. ದುರ್ಗದ ಸೀಮೆಯವರು ತಾವು ಯಾರೆಂಬುದನ್ನು ಕೋಟೆಯಿಂದ ಕಲಿತರು, ಕೋಟೆಯನ್ನು ಕಾದಂಬರಿಯಿಂದ ಕಲಿತರು. ಅದರಲ್ಲಿ ತಪ್ಪೇನೂ ಇಲ್ಲ. ನಿಲ್ಲಲು ಒಂದು ಜಾಗ ಬೇಕು, ಆ ಜಾಗವನ್ನು ಸಾಹಿತ್ಯದಷ್ಟು ಚೆನ್ನಾಗಿ ಬೇರೆ ಯಾವುದೂ ಕೊಡಲಾರದು. ಆದರೆ ಆ ಜಾಗದ ಅಳತೆ ಎಷ್ಟು, ಅದು ಎಲ್ಲೆಲ್ಲಿಗೆ ತಾಗಿಕೊಂಡಿದೆ ಎಂದು ಕೇಳಿದರೆ ಕೋಟೆಯಿಂದ ಇಳಿದು ಶಾಸನವನ್ನು, ನಾಣ್ಯವನ್ನು, ಕಲ್ಲನ್ನು, ಕೊನೆಗೆ ನೀರನ್ನು ವಿಚಾರಿಸಬೇಕಾಗುತ್ತದೆ. ದಾರಿಯಲ್ಲಿ ಹಿರಿಯೂರು ಸೀಮೆ ಮೊದಲು ಸಿಗುತ್ತದೆ, ನನ್ನ ವಾದದಲ್ಲಿ ಅದು ಕೊನೆಗೆ ಬರುತ್ತದೆ. ಹಾಗಾಗಿ ದುರ್ಗದಿಂದಲೇ ಶುರುಮಾಡುತ್ತೇನೆ.

ಕೋಟೆಯ ಬಾಗಿಲುಗಳನ್ನು ದಾಟಿ ಒನಕೆ ಕಿಂಡಿಯ ಹತ್ತಿರ ಬಂದರೆ ಶಾಲೆಯ ಮಕ್ಕಳ ಸಾಲು ತಪ್ಪದು. ಎರಡು ದೊಡ್ಡ ಬಂಡೆಗಳ ನಡುವಿನ ಇಕ್ಕಟ್ಟು ಅದು. ಬಗ್ಗದೆ ನುಗ್ಗಲಾಗದು, ಒಬ್ಬರ ಹಿಂದೆ ಒಬ್ಬರಲ್ಲದೆ ಬರಲಾಗದು. ಪಕ್ಕದಲ್ಲೇ ತಣ್ಣೀರು ದೋಣಿ. ಕಿಂಡಿಯಲ್ಲಿ ನುಸುಳಿದ ಶತ್ರುಗಳನ್ನು ಒನಕೆ ಹಿಡಿದು ತಡೆದ ಓಬವ್ವನ ಕಥೆ ನಂಬುವಂತಿರುವುದು ಈ ಜಾಗದ ಕಟ್ಟಿನಿಂದಲೇ. ಮಕ್ಕಳು ಇಲ್ಲಿ ನೋಡುತ್ತಿರುವುದು ಮಾತ್ರ ಬರೀ ಕಿಂಡಿಯನ್ನಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ತೋರಿಸಿದ, ಜಯಂತಿ ಅಭಿನಯಿಸಿದ ಕಿಂಡಿಯನ್ನು. ಆ ಚಿತ್ರದ ಹಿಂದೆ ತ.ರಾ.ಸುಬ್ಬರಾಯರ ಕಾದಂಬರಿಗಳಿವೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು 1982ರ ‘ದುರ್ಗಾಸ್ತಮಾನ’ದವರೆಗೆ ನಾಯಕರ ದುರ್ಗವನ್ನು ಬರೆದರು. ಕೊನೆಯದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವಷ್ಟರಲ್ಲಿ ಅವರು ತೀರಿಕೊಂಡು ವರ್ಷವಾಗಿತ್ತು. ಈ ಪುಸ್ತಕಗಳನ್ನು ಊರಿನ ಹೊಗಳಿಕೆ ಎಂದು ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವುಗಳಲ್ಲಿ ಕೋಟೆಯನ್ನು ಮೊದಲು ಒಡೆಯುವುದು ಹೊರಗಿನ ಫಿರಂಗಿಯಲ್ಲ, ಒಳಗಿನ ದಳವಾಯಿಗಳ ಸಂಚು. ಕೊನೆಯ ಕಾದಂಬರಿಯ ವಸ್ತುವೇ ಸೋಲು. ಸೋತ ಊರನ್ನು ಇಷ್ಟು ಪ್ರೀತಿಯಿಂದ, ಸೋಲನ್ನು ಮುಚ್ಚಿಡದೆ ಬರೆದ ಲೇಖಕ ಓದುಗನಿಗೆ ಜಂಬ ಕಲಿಸುವುದಿಲ್ಲ.

ಇತಿಹಾಸದವರ ಆಕ್ಷೇಪ ಇಲ್ಲೇ ಏಳುತ್ತದೆ. ಕಾದಂಬರಿಕಾರ ಸಂಭಾಷಣೆ ಹೆಣೆಯುತ್ತಾನೆ, ಇಲ್ಲದ ಪಾತ್ರವನ್ನು ತರುತ್ತಾನೆ. ಓಬವ್ವನ ಕಥೆಯೂ ಬಾಯಿಂದ ಬಾಯಿಗೆ ಬಂದದ್ದು. ಅಂಥದರ ಮೇಲೆ ತಮ್ಮ ಗುರುತು ಕಟ್ಟಿಕೊಳ್ಳುವುದು ಸರಿಯೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ದುರ್ಗದ ಮಟ್ಟಿಗೆ ಕಥೆಗೂ ದಾಖಲೆಗೂ ಅಷ್ಟು ಹಗೆತನವಿಲ್ಲ. ಹುಲ್ಲೂರು ಶ್ರೀನಿವಾಸ ಜೋಯಿಸರು ಪಾಳೆಯಗಾರರ ದಾಖಲೆಗಳನ್ನು ಕೂಡಿಹಾಕಿದ್ದರಿಂದ ಕಾದಂಬರಿಗೆ ಮೈ ಬಂತು. ಕಾದಂಬರಿ ಬಂದದ್ದರಿಂದ ಆ ದಾಖಲೆಗಳನ್ನು ಕೇಳುವ ಸಾವಿರಾರು ಜನ ಹುಟ್ಟಿಕೊಂಡರು. ಓಬವ್ವನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ವಂಶಾವಳಿಗಳು ನಾಯಕರ ಹೆಸರುಗಳನ್ನು ಒಂದರ ಕೆಳಗೊಂದು ಬರೆದಿಟ್ಟವು. ಜನ ನೆನಪಿಟ್ಟುಕೊಂಡದ್ದು ಕಾವಲುಗಾರನೊಬ್ಬನ ಹೆಂಡತಿಯನ್ನು, ಅದೂ ಚಲವಾದಿ ಕುಲದ ಹೆಣ್ಣುಮಗಳನ್ನು. ಆ ಘಟನೆ ನಡೆಯಿತೋ ಇಲ್ಲವೋ ಎಂಬುದಕ್ಕಿಂತ, ಅರಸರ ಊರಿನ ಜನ ತಮ್ಮ ನಾಯಕಿಯನ್ನು ಅರಮನೆಯ ಹೊರಗೆ ಆರಿಸಿಕೊಂಡರು ಎಂಬುದೇ ನನಗೆ ದೊಡ್ಡ ಐತಿಹಾಸಿಕ ಸಂಗತಿ. ಸರ್ಕಾರಕ್ಕೆ ಆಕೆಯ ಜಯಂತಿ ಆಚರಿಸಬೇಕೆನ್ನಿಸಲು 2021ರವರೆಗೆ ಕಾಯಬೇಕಾಯಿತು, ಇರಲಿ.

ಕಾದಂಬರಿ ಕೊಟ್ಟ ಜಾಗದ ಸುತ್ತ ಗೋಡೆ ಇದೆ. ಆ ಗೋಡೆಯ ಹೊರಗೆ, ಬೆಟ್ಟದ ಬುಡದಲ್ಲೇ, ಚಂದ್ರವಳ್ಳಿ. ಕೆರೆಯ ಮಗ್ಗುಲಿನ ಭೈರವೇಶ್ವರ ಗುಡಿಯ ಬಳಿ ಒಂದು ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಕಾಲ ನಾಲ್ಕನೆಯ ಶತಮಾನ, ವಿಷಯ ಕೆರೆ. ಎಂ.ಎಚ್. ಕೃಷ್ಣ ಅವರು ಓದಿದ ಹಾಗೆ, ಈ ಪುಟ್ಟ ಕೆರೆಯ ಶಾಸನದಲ್ಲಿ ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರ, ಶಕಸ್ಥಾನ, ಸೇಂದ್ರಕ, ಪುಣಾಟ, ಮೌಖರಿ ಎಂದು ಅಂದಿನ ಭರತಖಂಡದ ಅರ್ಧ ಭಾಗವೇ ಬರುತ್ತದೆ. ಆ ಓದನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ಸವೆದ ಅಕ್ಷರಗಳ ಮೇಲೆ ಅಷ್ಟು ಭಾರ ಹೊರಿಸಬಾರದೆಂಬ ಅವರ ಎಚ್ಚರಿಕೆಯನ್ನು ನಾನು ಒಪ್ಪುತ್ತೇನೆ. ಹಾಗಾದರೆ ಅಕ್ಷರವನ್ನು ಬಿಟ್ಟು ಮಣ್ಣನ್ನೇ ಕೇಳೋಣ. ಇಲ್ಲಿ 1929ರ ಸುಮಾರಿಗೆ ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆಗೆ ಈ ನೆಲ ಕೊಟ್ಟದ್ದು ರೋಮಿನ ಬೆಳ್ಳಿ ದಿನಾರಿಗಳನ್ನು. ಅವುಗಳ ಮೇಲಿದ್ದದ್ದು ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಮುಖ. ನಾಯಕರು ಏಳು ಸುತ್ತು ಗೋಡೆ ಎತ್ತುವುದಕ್ಕೆ ಹದಿನೈದು ಶತಮಾನ ಮೊದಲು ಈ ಬೆಟ್ಟದ ಕೆಳಗೆ ಸಂತೆ ಇತ್ತು, ಆ ಸಂತೆಗೆ ಸಮುದ್ರದಾಚೆಯ ಹಣ ಬರುತ್ತಿತ್ತು. ಕೋಟೆಯಿಂದ ನೋಡಿದರೆ ದುರ್ಗ ಜಗತ್ತನ್ನು ಹೊರಗಿಟ್ಟ ಊರು. ಚಂದ್ರವಳ್ಳಿಯಿಂದ ನೋಡಿದರೆ ಜಗತ್ತು ಹಾದುಹೋಗುತ್ತಿದ್ದ ಊರು.

ನಾಣ್ಯ ಕೈಯಿಂದ ಕೈಗೆ ದಾಟುತ್ತದೆ, ಜನ ಎಲ್ಲಿದ್ದರೋ ಅಲ್ಲೇ ಇರುತ್ತಾರೆ ಎಂದು ಒಬ್ಬರು ವಾದಿಸಬಹುದು. ಮಾತು ಮೇಲುನೋಟಕ್ಕೆ ಗಟ್ಟಿಯಾಗಿದೆ. ಆದರೆ ಈ ಜಿಲ್ಲೆಯ ಸಾಕ್ಷ್ಯ ಅದರ ವಿರುದ್ಧವಿದೆ. ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯ ಅಶೋಕನ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡ ತನ್ನ ವೃತ್ತಿಯನ್ನು ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅದು ಗಾಂಧಾರದ ಕಡೆಯ, ಬಲದಿಂದ ಎಡಕ್ಕೆ ಓಡುವ ಲಿಪಿ. ಇಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲವೆಂದು ಅವನಿಗೆ ಗೊತ್ತಿದ್ದಿರಬೇಕು, ಆದರೂ ಬರೆದ. ಬಂದವರ ಹಾಗೆ ಹೋದವರೂ ಇದ್ದಾರೆ, ಅವರೆಲ್ಲ ಇಷ್ಟಪಟ್ಟು ಹೋದವರಲ್ಲ. 1779ರಲ್ಲಿ ದುರ್ಗ ಹೈದರಾಲಿಯ ಕೈಗೆ ಬಿದ್ದ ಮೇಲೆ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಅವನ ಹಿಂದೆಯೇ ಸಾವಿರಾರು ಬೇಡರನ್ನು ಊರು ಬಿಡಿಸಿ ಅಲ್ಲಿಗೆ ಸಾಗಿಸಿ, ಅವರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಿದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಇದರ ಇನ್ನೊಂದು ಮುಖವಿದೆ. ಕರಾವಳಿಯಲ್ಲಿ ಹುಟ್ಟಿದ ರಾಘವೇಂದ್ರ ಸ್ವಾಮೀಜಿ ಈ ಒಣಸೀಮೆಗೆ ಬಂದು ನೆಲೆನಿಂತು, ಜೋಳಿಗೆ ಹಿಡಿದು ಬೇಡಿ, ಅನಾಥ ಸೇವಾಶ್ರಮ ಕಟ್ಟಿದರು. ಯೋಗ, ಆಯುರ್ವೇದ, ಶಾಲೆಗಳ ನಡುವೆಯೇ ‘ತಿರುಕ’ ಎಂಬ ಹೆಸರಿನಲ್ಲಿ ಪುಸ್ತಕಗಳನ್ನೂ ಬರೆದರು. 1996ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಯಾವ ಊರಿನವರೆಂದು ಕೇಳುವ ಅಗತ್ಯ ಯಾರಿಗೂ ಉಳಿದಿರಲಿಲ್ಲ. ಹುಟ್ಟಿನಿಂದಲೇ ಒಬ್ಬನ ನೆಲೆ ತೀರ್ಮಾನವಾಗುವುದಾದರೆ ಹೊಳಲ್ಕೆರೆಯವರು ಮಲ್ಲಾಡಿಹಳ್ಳಿಯನ್ನು ಬಿಟ್ಟುಕೊಡಬೇಕಾಗುತ್ತದೆ!

ಮನುಷ್ಯರ ಲೆಕ್ಕ ಇಷ್ಟಾಯಿತು, ಇನ್ನು ಕಲ್ಲಿನ ಸರದಿ. ದುರ್ಗ ಹಿರಿಯೂರುಗಳ ನಡುವೆ, ಐಮಂಗಲದ ಸೀಮೆಯಲ್ಲಿ ಮರಡಿಹಳ್ಳಿ ಇದೆ. ಹೆದ್ದಾರಿಯಿಂದ ಒಳಗೆ ಹೋದರೆ ಕುರುಚಲು ಗಿಡಗಳ ನಡುವೆ ಕಪ್ಪುಹಸಿರು ಬಣ್ಣದ, ದಿಂಬುಗಳನ್ನು ಒಂದರ ಮೇಲೊಂದು ಒತ್ತಿಟ್ಟಂಥ ಕಲ್ಲುಗಳು. ಹತ್ತಿರ ಬಗ್ಗಿ ನೋಡಿದರೆ ಪ್ರತಿ ದಿಂಬಿಗೂ ಬೇರೆ ಅಂಚಿದೆ. ಮೇಲ್ಮೈ ಉಬ್ಬಿದೆ, ಕೆಳಗಿನವುಗಳ ಸಂದಿಗೆ ಮೇಲಿನದರ ಬುಡ ಇಳಿದು ಕೂತಿದೆ. ಕುದಿಯುವ ಲಾವಾ ನೀರಿನಡಿಯಲ್ಲಿ ಉಕ್ಕಿ, ಹೊರಮೈ ತಟ್ಟನೆ ತಣಿದು, ಒಳಗಿನ ಬಿಸಿ ಮತ್ತೆ ಹೊರಗೆ ಒತ್ತಿದಾಗ ಮಾತ್ರ ಈ ಆಕಾರ ಬರುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯದೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಘೋಷಿಸಿದೆ. ಅಂದರೆ ಬರಕ್ಕೆ ಹೆಸರಾದ ಈ ನೆಲ ಒಮ್ಮೆ ನೀರಿನ ತಳವಾಗಿತ್ತು. ಇದೆಲ್ಲ ಕ್ವಿಜ್‌ಗೆ ಸರಿ, ಶೇಂಗಾ ಬಿತ್ತುವವನಿಗೆ ತನ್ನ ನೆಲೆಯ ಬಗ್ಗೆ ಇದು ಏನು ಹೇಳುತ್ತದೆ ಎಂಬ ಆಕ್ಷೇಪ ನನ್ನ ವಾದಕ್ಕೆ ಬರುವ ಅತ್ಯಂತ ಬಲವಾದ ಆಕ್ಷೇಪ. ಉತ್ತರ ಆ ಕಲ್ಲಿನ ಪಟ್ಟಿಯಲ್ಲೇ ಇದೆ. ಚಿತ್ರದುರ್ಗದ ಶಿಲಾಪಟ್ಟಿ ಎಂದು ಭೂವಿಜ್ಞಾನಿಗಳು ಕರೆಯುವ ಈ ಹಳೆಯ ಶಿಲೆಗಳಿಂದಲೇ ಜಿಲ್ಲೆಯನ್ನು ವಾಯವ್ಯದಿಂದ ಆಗ್ನೇಯಕ್ಕೆ ಸೀಳಿಹೋಗುವ ಬೆಟ್ಟಸಾಲು ಎದ್ದಿದೆ. ಅದರ ಗ್ರಾನೈಟ್ ಗುಡ್ಡಗಳ ಮೇಲೆ ನಾಯಕರು ಕೋಟೆ ಕಟ್ಟಿದರು. ಹೊಸದುರ್ಗದ ಕಡೆಯ ನೆತ್ತಿಗಳ ಮೇಲೆ ಇವತ್ತು ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಅದೇ ಸಾಲನ್ನು ಕೊರೆದು ವೇದಾವತಿ ಹಾದುಹೋಗುವ ಇಕ್ಕಟ್ಟಿನಲ್ಲಿ, ಮಾರಿಕಣಿವೆಯಲ್ಲಿ, ಮೈಸೂರು ಸಂಸ್ಥಾನ ಅಣೆಕಟ್ಟು ಕಟ್ಟಿತು.

ಅಣೆಕಟ್ಟಿಗೆ ಹೋಗುವ ಮೊದಲು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಗ್ಗೆ ಒಂದು ಮಾತು. ಇಲ್ಲಿನ ಬಯಲು ರಂಗಮಂದಿರದ ಕಲ್ಲಿನ ಮೆಟ್ಟಿಲುಗಳು ಗ್ರೀಕರ ರಂಗಭೂಮಿಯ ಮಾದರಿಯಲ್ಲಿವೆ. 1997ರಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಶುರುಮಾಡಿದ ‘ಶಿವಸಂಚಾರ’ ಇಲ್ಲಿ ನಾಟಕ ಕಟ್ಟಿ ನಾಡಿನ ಊರೂರಿಗೆ ಒಯ್ಯುತ್ತದೆ. ಸಾಹಿತ್ಯದಿಂದ ನೆಲೆ ಅರಿಯುವುದು ಓದುಬಲ್ಲವರ ಐಷಾರಾಮ ಎನ್ನುವವರು ನವೆಂಬರಿನ ನಾಟಕೋತ್ಸವದ ರಾತ್ರಿ ಆ ಮೆಟ್ಟಿಲುಗಳ ಮೇಲೆ ಯಾರು ಕೂತಿರುತ್ತಾರೆಂದು ನೋಡಬೇಕು. ಸುತ್ತಲ ಹಳ್ಳಿಗಳ ಜನ, ಮಡಿಲಲ್ಲಿ ಮಕ್ಕಳು.

ಹೊಸದುರ್ಗ ದಾಟಿ ವೇದಾವತಿಯ ಜೊತೆಗೇ ಇಳಿದರೆ ಮಾರಿಕಣಿವೆಯ ಆ ಅಣೆಕಟ್ಟು, ವಾಣಿವಿಲಾಸ ಸಾಗರ. 1876–78ರ ಧಾತು ಬರ ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ನುಂಗಿತ್ತು. ಅದರ ನೆನಪು ಮಾಸುವ ಮೊದಲೇ, ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಕಾಲದಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. ಸುಮಾರು 30 ಟಿಎಂಸಿ ಹಿಡಿಯುವ ಈ ಜಲಾಶಯ 1933ರಲ್ಲಿ ಒಮ್ಮೆ ತುಂಬಿತು. ಮತ್ತೆ ತುಂಬಿದ್ದು 2022ರಲ್ಲಿ, 89 ವರ್ಷಗಳ ನಂತರ. ಮುಂದೆ 2025ರ ಜನವರಿಯಲ್ಲಿ ಇನ್ನೊಮ್ಮೆ. ಅಷ್ಟರಲ್ಲಿ ಅಜ್ಜಂಪುರದ ಸುರಂಗದ ಮೂಲಕ ಭದ್ರೆಯ ನೀರೂ ವೇದಾವತಿಗೆ ಸೇರತೊಡಗಿತ್ತು. ಮೂರು ತಲೆಮಾರು ಕೋಡಿ ಬಿದ್ದದ್ದನ್ನು ಅಜ್ಜನ ಬಾಯಲ್ಲಿ ಕೇಳಿದ್ದೇ ಹೊರತು ಕಂಡಿರಲಿಲ್ಲ. ಹಿರಿಯೂರಿನವರು ಕಣಿವೆ ಮಾರಮ್ಮನಿಗೆ ಕೈಮುಗಿದು ಬಾಗಿನ ಅರ್ಪಿಸಿದರು. ತೆಂಗು ಅಡಿಕೆ ತೋಟಗಳಿಗೆ ಜೀವ ಬಂತು.

ಆದರೆ ತುಂಬಿದ ನೀರು ಹಿಂದಕ್ಕೂ ಹೋಗುತ್ತದೆ. ಅಣೆಕಟ್ಟಿನ ಮೇಲ್ಗಡೆ ಹೊಸದುರ್ಗ ತಾಲ್ಲೂಕಿನ ಹೊಲ, ತೋಟ, ರಸ್ತೆಗಳಿಗೆ ಹಿನ್ನೀರು ನುಗ್ಗಿತು. ಎಂಟು ಒಂಬತ್ತು ದಶಕ ಒಣಗಿಯೇ ಇದ್ದ ನೆಲದಲ್ಲಿ ಉತ್ತವರು, ಕಟ್ಟಿದವರು ಆ ನೆಲವನ್ನು ತಮ್ಮದೆಂದು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಕೋಡಿಯ ಮಟ್ಟ ಇಳಿಸಿ ಎಂದರು, ಹಿರಿಯೂರಿನವರು ಒಂದಡಿಯನ್ನೂ ಇಳಿಸಕೂಡದು ಎಂದರು. ಇಬ್ಬರೂ ದುರ್ಗದವರೇ. ತ.ರಾ.ಸು. ಇಬ್ಬರಿಗೂ ಸೇರಿದವರು, ಓಬವ್ವ ಇಬ್ಬರಿಗೂ ಸೇರಿದವಳು. ಆದರೂ ಒಂದೇ ನೀರು ಕಟ್ಟೆಯ ಕೆಳಗಿರುವವನಿಗೆ ಹಬ್ಬ, ಮೇಲಿರುವವನಿಗೆ ನಷ್ಟ. ಕಾದಂಬರಿ ಕಲಿಸಿದ ‘ನಾವು’ ಎಂಬುದಕ್ಕೆ ಇಂಥ ಹೊತ್ತಿನಲ್ಲಿ ಪರೀಕ್ಷೆ ಬರುತ್ತದೆ, ಆಗ ಕಾದಂಬರಿಯೊಂದೇ ಸಾಲುವುದಿಲ್ಲ; ಯಾವ ಸರ್ವೆ ನಂಬರಿನವರೆಗೆ ನೀರು ನಿಲ್ಲಬೇಕೆಂದು 1907ರ ಹೊತ್ತಿಗೆ ಬರೆದಿಟ್ಟಿದ್ದರು, ಯಾರ ಜಮೀನಿಗೆ ಆಗ ಪರಿಹಾರ ಸಂದಿತ್ತು, ಆಮೇಲೆ ಅಲ್ಲಿಗೆ ಯಾರು ಬಂದರು ಎಂದು ಕಡತ ಬಿಡಿಸಿ ಕೂರಬೇಕಾಗುತ್ತದೆ. ಕೋಡಿಯ ಜಗಳ ಸದ್ಯಕ್ಕೆ ಆ ಕಡತಗಳ ತನಕ ಹೋಗಿಲ್ಲ. ಎರಡು ತಾಲ್ಲೂಕಿನ ನಾಯಕರ ಹೇಳಿಕೆಗಳಲ್ಲೇ ನಡೆಯುತ್ತಿದೆ.